ಮಗಳು ಒಂದೇ ವಾರದಲ್ಲಿ ಬದಲಾದಾಗ

ನಿಮ್ಮ ಮನೆಯಲ್ಲೇ ಹೀಗಾಯಿತೆಂದು ಇಟ್ಟುಕೊಳ್ಳಿ. ಪಿಯುಸಿ ಓದುವ ಮಗಳು. ಓದಿನಲ್ಲಿ ಚುರುಕು, ಮನೆಗೆಲಸಕ್ಕೂ ಸೈ. ಸಣ್ಣ ಜ್ವರ, ತಲೆನೋವು ಎಂದು ಎರಡು ದಿನ ಮಲಗಿದಳು. ಪ್ಯಾರಾಸಿಟಮಾಲ್ ಕೊಟ್ಟಿರಿ, ಜ್ವರ ಬಿಟ್ಟಿತು. ಆದರೆ ನಾಲ್ಕನೇ ದಿನದಿಂದ ಅವಳಿಗೆ ನಿದ್ದೆಯೇ ಇಲ್ಲ. ರಾತ್ರಿಯಿಡೀ ಓಡಾಡುತ್ತಾಳೆ, ಒಬ್ಬಳೇ ನಗುತ್ತಾಳೆ, ಮರುಗಳಿಗೆ ಅಳುತ್ತಾಳೆ. ಅಡುಗೆಮನೆಯಲ್ಲಿ ಯಾರೋ ನಿಂತಿದ್ದಾರೆ ಅನ್ನುತ್ತಾಳೆ. ತಮ್ಮ ಕೊಟ್ಟ ನೀರನ್ನು ವಿಷವೆಂದು ಚೆಲ್ಲುತ್ತಾಳೆ. ವಾರ ಕಳೆಯುವಷ್ಟರಲ್ಲಿ ಮಾತು ನಿಂತಿತು. ತುತ್ತು ಬಾಯಿಗಿಟ್ಟರೆ ನುಂಗುವುದಿಲ್ಲ. ಎತ್ತಿದ ಕೈ ಎತ್ತಿದಂತೆಯೇ ನಿಂತಿದೆ. ತುಟಿ ಮತ್ತು ದವಡೆ ಮಾತ್ರ ಏನನ್ನೋ ಅಗಿಯುವಂತೆ ಅಲುಗುತ್ತಿವೆ.

ಈಗ ಮನೆಗೆ ಜನ ಬರುತ್ತಾರೆ. ಮಗ್ರಿಬ್ ಹೊತ್ತಿಗೆ ಅಂಗಳದಲ್ಲಿ ತಲೆಗೂದಲು ಬಿಚ್ಚಿಕೊಂಡು ನಿಂತಿದ್ದಳು, ಜಿನ್ನ್ ಸೋಕಿದೆ ಎಂದು ಪಕ್ಕದ ಮನೆಯ ಅಜ್ಜಿ. ಯಾರೋ ಆಗದವರು ಸಿಹ್ರ್ ಮಾಡಿಸಿದ್ದಾರೆ ಎಂದು ದೊಡ್ಡಮ್ಮ. ಪರೀಕ್ಷೆ ಹತ್ತಿರ ಬಂತಲ್ಲ, ಎಲ್ಲ ನಾಟಕ, ಎರಡು ಬಿಗಿದರೆ ಸರಿಯಾಗುತ್ತಾಳೆ ಎಂದು ಮಾವ. ಸ್ವಲ್ಪ ಓದಿಕೊಂಡ ಸಂಬಂಧಿಕರೊಬ್ಬರು ಇದು ಡಿಪ್ರೆಶನ್ ಅನ್ನುತ್ತಾರೆ. ನಾಲ್ವರೂ ನಿಮ್ಮ ಒಳ್ಳೆಯದನ್ನೇ ಬಯಸುವವರು. ನಾಲ್ವರ ಮಾತನ್ನೂ ಕೇಳುತ್ತಾ ಕೂತರೆ ಎರಡು ವಾರ ಕಳೆದುಹೋಗುತ್ತದೆ. ಈ ಲೇಖನ ಆ ಎರಡು ವಾರದ ಬಗ್ಗೆ.

ಡಾಕ್ಟರಿಗೂ ಇಕ್ಕಟ್ಟು

ಆಸ್ಪತ್ರೆಗೆ ಹೋದೊಡನೆ ಎಲ್ಲ ತಿಳಿದುಬಿಡುತ್ತದೆ ಎಂದು ನೀವು ಭಾವಿಸಿದ್ದರೆ ಅದೂ ಪೂರ್ತಿ ಸರಿಯಲ್ಲ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಸ್ಕಿಝೋಫ್ರೇನಿಯಾಕ್ಕಾಗಲಿ ಖಿನ್ನತೆಗಾಗಲಿ ಅಂತಹ ಒಂದು ಪರೀಕ್ಷೆ ಇಲ್ಲ. ಮನೋವೈದ್ಯರು ರೋಗಿಯನ್ನು ನೋಡಬೇಕು, ಮನೆಯವರ ಮಾತು ಕೇಳಬೇಕು, ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗಿಡಬೇಕು. ತೊಂದರೆ ಏನೆಂದರೆ, ಹೊರಗೆ ಕಾಣುವ ವರ್ತನೆ ಒಂದೇ ಆಗಿದ್ದರೂ ಒಳಗಿನ ಕಾರಣ ಹತ್ತಾರು ಇರಬಹುದು. 1949ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್, ಥೈರಾಯ್ಡ್ ಕೊರತೆಯಿಂದ ಬುದ್ಧಿ ಕೆಟ್ಟಂತಾಗಿದ್ದ 14 ಮಂದಿಯ ವಿವರ ಪ್ರಕಟಿಸಿದ್ದರು. ವಿಲ್ಸನ್ ಕಾಯಿಲೆ ಎಂಬುದೊಂದಿದೆ; ಇದರಲ್ಲಿ ತಾಮ್ರದ ಅಂಶ ದೇಹದಿಂದ ಹೊರಹೋಗದೆ ಪಿತ್ತಜನಕಾಂಗ ಮತ್ತು ಮೆದುಳಿನಲ್ಲಿ ಶೇಖರವಾಗುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗನ ಕೈಬರಹ ಕೆಡುತ್ತದೆ, ಮಾತು ತೊದಲುತ್ತದೆ, ಸಿಟ್ಟು ಹೆಚ್ಚುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರ ಇದೆಯೇ ಎಂದು ಕಣ್ಣಿನ ಡಾಕ್ಟರು ನೋಡಿದರೆ ಎಷ್ಟೋ ಸಲ ಸುಳಿವು ಸಿಗುತ್ತದೆ. ಹುಚ್ಚೆಂದು ತಿಳಿದ ಕಾಯಿಲೆಯ ಗುರುತು ಕಣ್ಣಿನಲ್ಲಿ ಸಿಗಬಹುದು ಎಂದು ಯಾರಿಗೆ ಹೊಳೆದೀತು?

ನಮ್ಮ ಹಿರಿಯರ ಬಾಯಲ್ಲಿ 'ಸನ್ನಿ' ಎಂಬ ಮಾತಿತ್ತು. ಜ್ವರ ತಲೆಗೇರಿ ಬಡಬಡಿಸುವವರನ್ನು ಅವರು ಹುಚ್ಚರ ಸಾಲಿಗೆ ಸೇರಿಸುತ್ತಿರಲಿಲ್ಲ. ಹೆರಿಗೆಯಾದ ಹೊಸದರಲ್ಲಿ ಬುದ್ಧಿ ಕದಡಿದರೆ ಬಾಣಂತಿ ಸನ್ನಿ ಅನ್ನುತ್ತಿದ್ದರು. ದೇಹದಿಂದ ಬಂದು ಮನಸ್ಸನ್ನು ಕೆಡಿಸುವ ಕಾಯಿಲೆ ಬೇರೆ ಎಂಬ ತಿಳಿವಳಿಕೆ ಆ ಒಂದು ಪದದಲ್ಲೇ ಇತ್ತು. ಈಗ ಆ ಪದವನ್ನು ಬಿಟ್ಟಿದ್ದೇವೆ, ಅದರ ಜೊತೆಗೆ ಆ ತಿಳಿವಳಿಕೆಯನ್ನೂ ಬಿಟ್ಟೆವೇನೋ ಅನಿಸುತ್ತದೆ.

ಗಡಿಯಾರದ ಚಿತ್ರ

ಮೇಲೆ ವರ್ಣಿಸಿದ ಹುಡುಗಿಯ ಲಕ್ಷಣಗಳು ನಾನು ಕಲ್ಪಿಸಿಕೊಂಡವಲ್ಲ. ವೈದ್ಯಕೀಯ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ ಅದು. ಈ ಕಾಯಿಲೆಯನ್ನು ಜಗತ್ತಿಗೆ ತಿಳಿಯುವಂತೆ ಮಾಡಿದವರು ಅಮೆರಿಕದ ಪತ್ರಕರ್ತೆ ಸುಸಾನಾ ಕಹಲಾನ್. 2009ರಲ್ಲಿ ಅವರಿಗೆ 24 ವರ್ಷ, ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯಲ್ಲಿ ವರದಿಗಾರ್ತಿ. ಮನೆಯಲ್ಲಿ ತಿಗಣೆ ಇದೆ ಎಂಬ ಸಂಶಯದಿಂದ ಶುರುವಾಯಿತು. ಎಡಗೈ ಜೋಮು ಹಿಡಿಯಿತು. ನಿದ್ದೆ ಹೋಯಿತು. ಕಚೇರಿಯಲ್ಲಿ ಕಾರಣವಿಲ್ಲದೆ ಅಳು, ಕ್ಷಣದಲ್ಲೇ ಸಂಭ್ರಮ. ಆಮೇಲೆ ಫಿಟ್ಸ್ ಬಂತು. ಒಬ್ಬ ವೈದ್ಯರಿಗೆ ಇದು ಮದ್ಯಪಾನದ ಪರಿಣಾಮವಾಗಿ ಕಂಡಿತು, ಮತ್ತೊಬ್ಬರಿಗೆ ಬೈಪೋಲಾರ್ ಕಾಯಿಲೆಯಾಗಿ. ರಕ್ತಪರೀಕ್ಷೆ, ಎಂ.ಆರ್.ಐ. ಎಲ್ಲವೂ ಸರಿಯಾಗಿತ್ತು. ವರದಿಗಳೆಲ್ಲ ಸರಿಯಾಗಿವೆ, ರೋಗಿ ಮಾತ್ರ ದಿನದಿಂದ ದಿನಕ್ಕೆ ಕುಸಿಯುತ್ತಿದ್ದಾಳೆ.

ಆಗ ಬಂದವರು ಸಿರಿಯಾ ಮೂಲದ ನರರೋಗ ತಜ್ಞ ಡಾ. ಸುಹೈಲ್ ನಜ್ಜಾರ್. ಅವರು ಸುಸಾನಾ ಕೈಗೆ ಕಾಗದ ಕೊಟ್ಟು ಒಂದು ಗಡಿಯಾರ ಬರೆಯಲು ಹೇಳಿದರು. ಆಕೆ ವೃತ್ತ ಬರೆದಳು, ಒಂದರಿಂದ ಹನ್ನೆರಡರವರೆಗಿನ ಅಂಕೆಗಳನ್ನೂ ಬರೆದಳು. ಆದರೆ ಹನ್ನೆರಡೂ ಅಂಕೆಗಳು ಬಲಬದಿಯಲ್ಲೇ ಒತ್ತೊತ್ತಾಗಿ ಕೂತಿದ್ದವು, ಎಡಬದಿ ಖಾಲಿ. ಎಡಬದಿಯ ಜಗತ್ತು ಆಕೆಯ ಗಮನಕ್ಕೇ ಬರುತ್ತಿಲ್ಲ, ಅಂದರೆ ಮೆದುಳಿನ ಬಲಭಾಗ ಊದಿಕೊಂಡಿದೆ ಎಂದು ವೈದ್ಯರಿಗೆ ಹೊಳೆಯಿತು. ಲಕ್ಷಗಟ್ಟಲೆ ಖರ್ಚಿನ ಯಂತ್ರಗಳು ಹೇಳದ್ದನ್ನು ಒಂದು ಪೆನ್ನು, ಒಂದು ಹಾಳೆ ಹೇಳಿತು. ಆಕೆಯ ಮೆದುಳಿಗೆ ಬೆಂಕಿ ಹತ್ತಿದಂತಾಗಿದೆ ಎಂದು ಅವರು ಹೆತ್ತವರಿಗೆ ತಿಳಿಸಿ ಹೇಳಿದರು. ಮುಂದೆ 2012ರಲ್ಲಿ ಸುಸಾನಾ ಬರೆದ ಪುಸ್ತಕದ ಹೆಸರೂ ಅದೇ, 'ಬ್ರೇನ್ ಆನ್ ಫೈರ್'.

ದೇಹವೇ ದೇಹದ ಮೇಲೆ ಬಿದ್ದಾಗ

ಕಾಯಿಲೆಯ ಹೆಸರು ಉದ್ದವಿದೆ: ಆ್ಯಂಟಿ ಎನ್.ಎಂ.ಡಿ.ಎ. ರಿಸೆಪ್ಟರ್ ಎನ್ಸೆಫಲೈಟಿಸ್. ಹೆಸರು ನೆನಪಿಡಬೇಕಾಗಿಲ್ಲ, ನಡೆಯುವುದೇನು ಎಂದು ತಿಳಿದರೆ ಸಾಕು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮ ದೇಹದ ಪ್ರತಿಕಾಯಗಳು ದಾರಿ ತಪ್ಪಿ ಮೆದುಳಿನ ನರಕೋಶಗಳ ಮೇಲಿರುವ ಎನ್.ಎಂ.ಡಿ.ಎ. ಎಂಬ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ನೆನಪು, ಕಲಿಕೆ, ನಿಜ ಯಾವುದು ಭ್ರಮೆ ಯಾವುದು ಎಂಬ ಅರಿವು, ಇವಕ್ಕೆಲ್ಲ ಈ ಗ್ರಾಹಕಗಳು ಬೇಕು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಗೆ ಬಳಸುವ ಕೆಟಮಿನ್ ಔಷಧಿ ತಡೆಯುವುದೂ ಇದೇ ಗ್ರಾಹಕವನ್ನು. ಆ ಔಷಧಿಯಿಂದ ಎಚ್ಚರಗೊಳ್ಳುವ ಕೆಲವರಿಗೆ ವಿಚಿತ್ರ ಭ್ರಮೆಗಳಾಗುವುದು ಅದಕ್ಕೇ. ಈ ಹುಡುಗಿಯರ ಸ್ಥಿತಿ ವಾರಗಟ್ಟಲೆ ಹಾಗೆಯೇ ಇರುತ್ತದೆ ಎಂದು ಊಹಿಸಿ.

ಈ ಪ್ರತಿಕಾಯವನ್ನು ಗುರುತಿಸಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಪ್ ದಲ್ಮಾವ್ ಮತ್ತು ಸಂಗಡಿಗರು, 2007ರಲ್ಲಿ. ಅವರ ಮೊದಲ ವರದಿಯಲ್ಲಿದ್ದ 12 ಮಂದಿಯೂ ಮಹಿಳೆಯರು. ಸುಸಾನಾ ಕಾಯಿಲೆ ಬಿದ್ದಾಗ ಈ ತಿಳಿವಳಿಕೆಗೆ ಕೇವಲ ಎರಡು ವರ್ಷ. ಅದಕ್ಕೂ ಮೊದಲು ಇದೇ ಕಾಯಿಲೆ ಬಂದ ಹುಡುಗಿಯರು ಎಲ್ಲಿ ಹೋದರು? ಎಷ್ಟು ಮಂದಿ ಹುಚ್ಚಾಸ್ಪತ್ರೆಯಲ್ಲಿ, ಎಷ್ಟು ಮಂದಿ ಕತ್ತಲೆ ಕೋಣೆಯಲ್ಲಿ ಮುಗಿದುಹೋದರೋ ಅಲ್ಲಾಹನೇ ಬಲ್ಲ.

2013ರಲ್ಲಿ ಪ್ರಕಟವಾದ 577 ರೋಗಿಗಳ ದೊಡ್ಡ ಅಧ್ಯಯನವೊಂದರಲ್ಲಿ ನೂರಕ್ಕೆ 81 ಮಂದಿ ಹೆಣ್ಣುಮಕ್ಕಳಾಗಿದ್ದರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ 18 ವರ್ಷದೊಳಗಿನವರು. ಹೆಣ್ಣುಮಕ್ಕಳೇ ಏಕೆ? ಒಂದು ಕಾರಣ ಅಂಡಾಶಯದ ಗಡ್ಡೆ. ಸ್ಕ್ಯಾನಿಂಗ್ ವರದಿಯಲ್ಲಿ 'ಡರ್ಮಾಯ್ಡ್ ಸಿಸ್ಟ್' ಅಥವಾ 'ಟೆರಟೋಮಾ' ಎಂಬ ಪದ ನೀವು ನೋಡಿರಬಹುದು. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಈ ಗಡ್ಡೆಯ ಸ್ವಭಾವ ವಿಚಿತ್ರ. ಒಳಗೆ ಕೂದಲು, ಹಲ್ಲು, ಕೆಲವೊಮ್ಮೆ ನರದ ತುಣುಕೂ ಇರುತ್ತದೆ. ಇರಬಾರದ ಜಾಗದಲ್ಲಿ ನರವನ್ನು ಕಂಡ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಅವೇ ಪ್ರತಿಕಾಯಗಳು ನಿಜವಾದ ಮೆದುಳನ್ನೂ ಬಿಡುವುದಿಲ್ಲ. ಎಲ್ಲರಲ್ಲೂ ಗಡ್ಡೆ ಇರುತ್ತದೆಂದಲ್ಲ. ಚಿಕ್ಕ ಮಕ್ಕಳಲ್ಲಿ ಮತ್ತು ಗಂಡಸರಲ್ಲಿ ಕಡಿಮೆ.

ಚಿಕಿತ್ಸೆಯ ಕವಲುದಾರಿ

ಇಲ್ಲಿಂದ ಮುಂದೆ ವೈದ್ಯರ ಮುಂದೆ ಬರುವ ಪ್ರಶ್ನೆಗಳು ನಿಮ್ಮ ಮುಂದೆಯೂ ಬರುತ್ತವೆ, ಏಕೆಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ನೀವು.

ಮೊದಲನೆಯದು ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ. 'ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆ' ಎಂಬ ಭಯದಿಂದ ಎಷ್ಟೋ ಮಂದಿ ಸಹಿ ಹಾಕದೆ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತಾರೆ. ಸೂಜಿ ಹಾಕುವುದು ಮಿದುಳುಬಳ್ಳಿ ಮುಗಿದ ಜಾಗಕ್ಕಿಂತ ಕೆಳಗೆ. ಒಂದೆರಡು ದಿನ ತಲೆನೋವು ಬರಬಹುದು. ಆದರೆ ಈ ಪ್ರತಿಕಾಯ ಕೆಲವರ ರಕ್ತದಲ್ಲಿ ಕಾಣಿಸದೆ ಬೆನ್ನಿನ ನೀರಿನಲ್ಲಿ ಮಾತ್ರ ಕಾಣಿಸುತ್ತದೆ, ಆದ್ದರಿಂದ ರಕ್ತದ ವರದಿಯನ್ನು ಮಾತ್ರ ನಂಬಿ ಕೂರುವಂತಿಲ್ಲ. ಎಂ.ಆರ್.ಐ. ಸರಿಯಾಗಿದೆ ಎಂದರೂ ನಿಶ್ಚಿಂತೆಯಿಲ್ಲ, ಹಲವರಲ್ಲಿ ಅದು ಸರಿಯಾಗಿಯೇ ಇರುತ್ತದೆ. ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇ.ಇ.ಜಿ. ಹೆಚ್ಚು ಸಲ ಏರುಪೇರು ತೋರಿಸುತ್ತದೆ.

ಪ್ರತಿಕಾಯದ ವರದಿ ಬರಲು ದಿನಗಳು ಹಿಡಿಯುತ್ತವೆ. ಕಾಯಬೇಕೇ, ಈಗಲೇ ಚಿಕಿತ್ಸೆ ಶುರು ಮಾಡಬೇಕೇ? ಚಿಕಿತ್ಸೆ ಎಂದರೆ ದೊಡ್ಡ ಪ್ರಮಾಣದ ಸ್ಟಿರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್, ಇಲ್ಲವೇ ರಕ್ತದ ಪ್ಲಾಸ್ಮಾ ಬದಲಿಸುವುದು. ಇವು ದೇಹದ ರೋಗನಿರೋಧಕ ಶಕ್ತಿಯ ಕೈ ಕಟ್ಟುತ್ತವೆ. ನಮ್ಮ ದೇಶದಲ್ಲಿ ಜ್ವರ, ತಲೆನೋವು, ಬುದ್ಧಿಭ್ರಮೆ ಒಟ್ಟಿಗೆ ಬಂದರೆ ಟಿ.ಬಿ. ಮೆದುಳಿಗೆ ಏರಿರಬಹುದು, ಹರ್ಪಿಸ್ ವೈರಸ್ಸಿನ ಸೋಂಕೂ ಇರಬಹುದು. ಸೋಂಕಿಗೆ ಔಷಧಿ ಕೊಡದೆ ಸ್ಟಿರಾಯ್ಡ್ ಮಾತ್ರ ಕೊಟ್ಟರೆ ಸೋಂಕು ಬೆಳೆಯುತ್ತದೆ. ಸ್ಟಿರಾಯ್ಡ್ ಕೊಡದೆ ಕಾದರೆ ಈ ಕಾಯಿಲೆ ಬೆಳೆಯುತ್ತದೆ. ಆದ್ದರಿಂದ ಅನುಭವಿ ವೈದ್ಯರು ಬೆನ್ನಿನ ನೀರಿನ ಮೊದಲ ವರದಿ ನೋಡಿ, ಹರ್ಪಿಸ್ ವಿರುದ್ಧದ ಔಷಧಿಯನ್ನು ಜೊತೆಗೇ ಶುರು ಮಾಡಿ, ಪ್ರತಿಕಾಯದ ವರದಿಗೆ ಕಾಯದೆ ಮುಂದುವರಿಯುವುದುಂಟು. ವರದಿಯೇ ಬಂದಿಲ್ಲ, ಆಗಲೇ ಇಷ್ಟು ದುಬಾರಿ ಔಷಧಿ ಯಾಕೆ ಎಂದು ನೀವು ಸಂಶಯಪಡುವ ಘಳಿಗೆ ಇದು. ಸಂಶಯವಿದ್ದರೆ ಕೇಳಿ, ಕೇಳುವುದು ನಿಮ್ಮ ಹಕ್ಕು. ಜಗಳ ಮಾಡಿ ಡಿಸ್ಚಾರ್ಜ್ ಮಾಡಿಸಿಕೊಂಡು ಮಾತ್ರ ಹೋಗಬೇಡಿ.

ಇನ್ನೊಂದು ಇಕ್ಕಟ್ಟು ಹೆಣ್ಣು ಹೆತ್ತವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಮದುವೆಯಾಗದ ಹುಡುಗಿ, ಅಂಡಾಶಯದಲ್ಲಿ ಗಡ್ಡೆ, ಆಪರೇಷನ್ ಮಾಡಬೇಕು. ತಲೆ ಕೆಟ್ಟದ್ದಕ್ಕೂ ಹೊಟ್ಟೆಗೂ ಏನು ಸಂಬಂಧ, ನಾಳೆ ಇವಳಿಗೆ ಮಕ್ಕಳಾಗದಿದ್ದರೆ ಎಂದು ಮನೆಯವರು ಬೆಚ್ಚುತ್ತಾರೆ. ಸಂಬಂಧ ಏನೆಂದು ಮೇಲೆ ಓದಿದಿರಿ. ಎಷ್ಟೋ ಸಲ ಗಡ್ಡೆಯನ್ನಷ್ಟೇ ಬಿಡಿಸಿ ಅಂಡಾಶಯವನ್ನು ಉಳಿಸಲು ಆಗುತ್ತದೆ. ಒಂದು ಅಂಡಾಶಯ ಹೋದರೂ ಇನ್ನೊಂದು ಸರಿಯಾಗಿದ್ದರೆ ಗರ್ಭ ಧರಿಸಬಹುದು. ಗಡ್ಡೆ ಬೇಗ ತೆಗೆದಷ್ಟೂ ಮೆದುಳು ಬೇಗ ಚೇತರಿಸುತ್ತದೆ. ಗುಟ್ಟು ಕಾಪಾಡುವ ಹೆಸರಿನಲ್ಲಿ ತಿಂಗಳುಗಟ್ಟಲೆ ಮುಂದೂಡಿದರೆ ಕಳೆದುಕೊಳ್ಳುವುದು ಅವಳ ಬುದ್ಧಿಯನ್ನು.

ಆ 577 ಮಂದಿಯಲ್ಲಿ ಚಿಕಿತ್ಸೆ ಪಡೆದವರ ಪೈಕಿ ಅರ್ಧದಷ್ಟು ಜನ ನಾಲ್ಕು ವಾರದೊಳಗೆ ಸುಧಾರಿಸಿದರು. ಎರಡು ವರ್ಷದ ಹೊತ್ತಿಗೆ ಸುಮಾರು ನೂರಕ್ಕೆ 80 ಮಂದಿ ಒಳ್ಳೆಯ ಸ್ಥಿತಿಗೆ ಬಂದಿದ್ದರು. ಬೇಗ ಚಿಕಿತ್ಸೆ ಸಿಕ್ಕವರು ಹೆಚ್ಚು ಚೇತರಿಸಿದರು. ಕೆಲವರು ಉಳಿಯಲಿಲ್ಲ.

ಮಲಗಿಸುವ ಔಷಧಿ ಎಬ್ಬಿಸುತ್ತದೆ

ಎತ್ತಿದ ಕೈ ಎತ್ತಿದಂತೆಯೇ ನಿಲ್ಲುವ, ಮಾತು, ಊಟ, ಚಲನೆ ಎಲ್ಲ ನಿಂತುಹೋಗುವ ಸ್ಥಿತಿಗೆ ಕೆಟಟೋನಿಯಾ ಎಂದು ಹೆಸರು. 1874ರಲ್ಲಿ ಜರ್ಮನಿಯ ಕಾಲ್ಬಾಮ್ ಎಂಬ ವೈದ್ಯರು ಇಟ್ಟದ್ದು. ಮುಂದೆ ಸುಮಾರು ನೂರು ವರ್ಷ ಇದನ್ನು ಸ್ಕಿಝೋಫ್ರೇನಿಯಾದ ಒಂದು ಬಗೆ ಎಂದೇ ಎಣಿಸಲಾಯಿತು. ಅದು ಪೂರ್ತಿ ನಿಜವಲ್ಲ ಎಂದು ವೈದ್ಯಲೋಕ ಒಪ್ಪಿ, 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆ ವರ್ಗವನ್ನೇ ಕೈಬಿಟ್ಟಿತು. ತೀವ್ರ ಖಿನ್ನತೆಯಲ್ಲೂ ಕೆಟಟೋನಿಯಾ ಬರುತ್ತದೆ, ಬಾಣಂತಿಯರಲ್ಲೂ ಬರುತ್ತದೆ, ಮೇಲೆ ಹೇಳಿದ ಮೆದುಳಿನ ಊತದಲ್ಲೂ ಬರುತ್ತದೆ.

ಹೊರಗಿನವರಿಗೆ ಇದು ಹಠದಂತೆ ಕಾಣುತ್ತದೆ. ಕಣ್ಣು ಬಿಟ್ಟಿದ್ದಾಳೆ, ಉಸಿರಾಡುತ್ತಿದ್ದಾಳೆ, ಕರೆದರೆ ಓ ಅನ್ನುವುದಿಲ್ಲ. ಚಿವುಟಿ ನೋಡುವವರಿದ್ದಾರೆ, ಮೂಗಿಗೆ ಮೆಣಸಿನ ಹೊಗೆ ಹಿಡಿಯುವವರಿದ್ದಾರೆ. ಅವಳಿಗೆ ಎಲ್ಲ ಕೇಳಿಸುತ್ತಿರಬಹುದು. ಚೇತರಿಸಿದ ಬಳಿಕ ಯಾರು ಏನು ಅಂದರೆಂದು ಹೇಳುವವರೂ ಇದ್ದಾರೆ.

ಇಲ್ಲಿ ವೈದ್ಯರು ಮಾಡುವ ಒಂದು ಪರೀಕ್ಷೆ ನಿಮಗೆ ವಿಚಿತ್ರವಾಗಿ ಕಾಣಬಹುದು. ಲೊರಾಝೆಪಾಮ್ ಎಂಬ ನಿದ್ದೆ ಬರಿಸುವ ಔಷಧಿಯನ್ನು ಒಂದೆರಡು ಮಿಲಿಗ್ರಾಂ ರಕ್ತನಾಳಕ್ಕೆ ಕೊಡುತ್ತಾರೆ. ಮೊದಲೇ ಕಲ್ಲಿನಂತೆ ಕೂತವಳಿಗೆ ನಿದ್ದೆಯ ಔಷಧಿಯೇ ಎಂದು ನೀವು ಗಾಬರಿಪಡುವಷ್ಟರಲ್ಲಿ, ಹತ್ತು ನಿಮಿಷದೊಳಗೆ ಆಕೆ ನೀರು ಕೇಳುವುದುಂಟು. ಮತ್ತೆ ಕೆಲವು ಗಂಟೆಗಳಲ್ಲಿ ಹಳೆಯ ಸ್ಥಿತಿಗೆ ಮರಳಬಹುದು, ಆಗ ಔಷಧಿ ಮುಂದುವರಿಸಬೇಕಾಗುತ್ತದೆ. ಅದೇ ಹೊತ್ತಿನಲ್ಲಿ 'ಹುಚ್ಚಿನ ಔಷಧಿ' ಎಂದು ಸಾಮಾನ್ಯವಾಗಿ ಕೊಡುವ ಹೆಲೊಪೆರಿಡಾಲ್‌ನಂತಹ ಇಂಜೆಕ್ಷನ್ ಕೊಟ್ಟರೆ ಕೆಲವರಲ್ಲಿ ಮೈ ಇನ್ನಷ್ಟು ಸೆಟೆದು, ಜ್ವರ ಏರಿ ಜೀವಕ್ಕೇ ಅಪಾಯವಾಗುತ್ತದೆ. ರಾತ್ರಿ ಎರಡು ಗಂಟೆಗೆ ಕಿರುಚಾಡುವ ರೋಗಿಯನ್ನು ಕಂಡಾಗ ಎಮರ್ಜೆನ್ಸಿಯ ಯುವ ಡಾಕ್ಟರಿಗೆ ಇದನ್ನೆಲ್ಲ ಯೋಚಿಸಲು ಐದು ನಿಮಿಷವೂ ಇರುವುದಿಲ್ಲ ಎಂಬುದನ್ನೂ ನಾವು ಅರ್ಥ ಮಾಡಿಕೊಳ್ಳಬೇಕು.

ಲೊರಾಝೆಪಾಮ್ ಫಲಿಸದಿದ್ದರೆ ಉಳಿಯುವುದು ಕರೆಂಟ್ ಶಾಕ್. ಆ ಹೆಸರು ಕೇಳಿಯೇ ನೀವು ಎದ್ದು ಹೋಗಬಹುದು, ಸಿನಿಮಾಗಳು ಅದನ್ನು ಹಾಗೆ ತೋರಿಸಿವೆ. ಈಗ ಅದನ್ನು ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸಿದ ಬಳಿಕವೇ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅಪ್ರಾಪ್ತರಿಗಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಪೂರ್ವಾನುಮತಿಯೂ ಬೇಕು. ಅನ್ನ ನೀರು ಬಿಟ್ಟು ಮಲಗಿದವಳ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಸಾವು ನಿಮಿಷಗಳ ಮಾತು. ಇಂತಹ ಕಡೆ ಶಾಕ್ ಚಿಕಿತ್ಸೆ ಜೀವ ಉಳಿಸುತ್ತದೆ.

ಎಲ್ಲದಕ್ಕೂ ಸ್ಕ್ಯಾನ್ ಬೇಡ

ಇಷ್ಟು ಓದಿದ ಮೇಲೆ, ಹತ್ತು ವರ್ಷದಿಂದ ಸ್ಕಿಝೋಫ್ರೇನಿಯಾದ ಮಾತ್ರೆ ನುಂಗುತ್ತಿರುವ ತಮ್ಮನ ನೆನಪಾಗಿ, ಅವನಿಗೂ ಇದೇ ಕಾಯಿಲೆ ಇರಬಹುದೇ ಎಂದು ನಿಮಗೆ ಆಸೆ ಹುಟ್ಟಬಹುದು. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಮನೋರೋಗಗಳಲ್ಲಿ ಬಹುಪಾಲು ಮನೋರೋಗಗಳೇ. ಈ ಪ್ರತಿಕಾಯದ ಕಾಯಿಲೆ ಅಪರೂಪ. ಬೇರಾವ ಲಕ್ಷಣವೂ ಇಲ್ಲದೆ ಬರೀ ಮಾನಸಿಕ ಲಕ್ಷಣಗಳಷ್ಟೇ ಕಾಣಿಸಿಕೊಂಡವರು 571 ರೋಗಿಗಳಲ್ಲಿ 23 ಮಂದಿ ಮಾತ್ರ ಎಂದು ಇನ್ನೊಂದು ಅಧ್ಯಯನ ತಿಳಿಸಿದೆ. ಉಳಿದವರಲ್ಲಿ ಫಿಟ್ಸ್, ಬಾಯಿ ಅಲುಗಾಟ, ಮೈ ಸೆಟೆತ, ಎಚ್ಚರ ತಪ್ಪುವುದು, ಇಂತಹ ಏನಾದರೊಂದು ಇದ್ದೇ ಇತ್ತು. ನೋಡಬೇಕಾದ್ದು ಅದನ್ನು. ಹಿಂದೆಂದೂ ಮಾನಸಿಕ ತೊಂದರೆ ಇಲ್ಲದವರು ದಿನಗಳಲ್ಲಿ, ವಾರಗಳಲ್ಲಿ ಬದಲಾದರೆ, ಮೊದಲು ಜ್ವರ ಬಂದಿದ್ದರೆ, ಮನೋರೋಗದ ಔಷಧಿ ಕೊಟ್ಟ ಮೇಲೆ ಇನ್ನೂ ಹದಗೆಟ್ಟರೆ, ನರರೋಗ ತಜ್ಞರೂ ನೋಡಲಿ ಎಂದು ನೀವಾಗಿಯೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡೂ ವಿಭಾಗಗಳು ಒಂದೇ ಕಡೆ ಇವೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ದುಆ ಮಾಡಬೇಡಿ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಆದರೆ ಕಟ್ಟಿಹಾಕುವುದು ದುಆ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ 28 ರೋಗಿಗಳು ಸತ್ತರು. ಸರಪಳಿಯಲ್ಲಿ ಬಿಗಿದಿದ್ದರಿಂದ ಓಡಲಾಗಲಿಲ್ಲ. ಅವರಲ್ಲಿ ಎಷ್ಟು ಮಂದಿಗೆ ಗುಣವಾಗಬಲ್ಲ ಕಾಯಿಲೆ ಇತ್ತೋ ಯಾರೂ ಪರೀಕ್ಷಿಸಿರಲಿಲ್ಲ. ಇಂದು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಕಾನೂನಿನ ಪ್ರಕಾರ ನಿಷಿದ್ಧ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ ಮತ್ತು ದುಆ' ಎಂಬ ಕಾರ್ಯಕ್ರಮ ನಡೆದಿದೆ. ದರ್ಗಾಕ್ಕೆ ಕರೆತಂದ ರೋಗಿಗಳನ್ನು ಅಲ್ಲಿನ ಮುಜಾವರರೇ ಮನೋವೈದ್ಯರ ಬಳಿ ಕಳಿಸುತ್ತಾರೆ. ನಮ್ಮ ಊರುಗಳಲ್ಲೂ ಉಸ್ತಾದರು ಮನಸ್ಸು ಮಾಡಿದರೆ ಇದಕ್ಕೆ ಹೆಚ್ಚು ಖರ್ಚೇನೂ ಇಲ್ಲ.

ಒಂದು ನೋಟ್‌ಬುಕ್

ಇಂತಹ ಸಮಯದಲ್ಲಿ ಮನೆಯವರು ಮಾಡಬಹುದಾದ ದೊಡ್ಡ ಉಪಕಾರ ಬರೆದಿಡುವುದು. ಜ್ವರ ಯಾವತ್ತು ಬಂತು, ನಿದ್ದೆ ಯಾವ ರಾತ್ರಿಯಿಂದ ಹೋಯಿತು, ಮಾತು ಯಾವಾಗ ನಿಂತಿತು, ಮುಟ್ಟು ಸರಿಯಾಗಿತ್ತೇ, ಇತ್ತೀಚೆಗೆ ಹೆರಿಗೆ ಆಗಿದೆಯೇ, ಯಾವ ಮಾತ್ರೆ, ಯಾವ ಪುಡಿ, ಯಾವ ಕಷಾಯ ಕೊಟ್ಟಿರಿ. ಮಂತ್ರಿಸಿದ್ದೆಂದು ಯಾರಾದರೂ ಏನಾದರೂ ಕುಡಿಸಿದ್ದರೆ ಅದನ್ನೂ ನಾಚಿಕೆಪಡದೆ ಹೇಳಿ. ಬಾಯಿ ಅಲುಗುವುದನ್ನು, ಕೈ ಸೆಟೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಆಸ್ಪತ್ರೆಗೆ ತಲುಪುವಾಗ ಅದು ನಿಂತಿರಬಹುದು. ಆ ವಿಡಿಯೋ ಡಾಕ್ಟರಿಗೆ ಮಾತ್ರ, ವಾಟ್ಸ್ಆ್ಯಪ್ ಗುಂಪಿಗೆ ಅಲ್ಲ.

ಈ ಕಾಯಿಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಕೊನೆಗೆ ಬಂದ ಲಕ್ಷಣ ಮೊದಲು ಮಾಯವಾಗುತ್ತದೆ, ಮೊದಲು ಬಂದ ಸಿಡುಕು, ನಿದ್ರಾಹೀನತೆ ಕೊನೆಯವರೆಗೂ ಉಳಿಯುತ್ತವೆ. ಮನೆಗೆ ಬಂದ ಮೇಲೂ ಅವಳು ಎಷ್ಟೋ ದಿನ ಮೊದಲಿನಂತೆ ಇರುವುದಿಲ್ಲ. ಸರಿಯಾಗಿದ್ದಾಳಲ್ಲ, ಇನ್ನೇನು ಎಂದು ಅಡುಗೆಗೆ ಹಚ್ಚಬೇಡಿ, ಪರೀಕ್ಷೆಗೆ ದೂಡಬೇಡಿ. ಕಾಯಿಲೆಯ ದಿನಗಳು ಅವಳ ನೆನಪಿನಿಂದ ಅಳಿಸಿಹೋಗಿರುತ್ತವೆ.

ಸುಸಾನಾ ಕಹಲಾನ್ ಅವರಿಗೂ ಆಸ್ಪತ್ರೆಯ ಆ ಒಂದು ತಿಂಗಳು ಹೆಚ್ಚುಕಡಿಮೆ ನೆನಪಿಲ್ಲ. ಅವರ ತಂದೆ ತಾಯಿ ಬೇರೆಯಾಗಿದ್ದವರು, ಒಬ್ಬರಿಗೊಬ್ಬರು ಮಾತನಾಡುವುದೇ ಕಷ್ಟವಾಗಿತ್ತು. ಆದ್ದರಿಂದ ಮಗಳ ಹಾಸಿಗೆಯ ಬಳಿ ಒಂದು ನೋಟ್‌ಬುಕ್ ಇಟ್ಟು, ಸರದಿಯಲ್ಲಿ ಕೂತವರು ಅಂದಂದಿನ ಸಂಗತಿ ಬರೆದಿಡುತ್ತಿದ್ದರು. ಪುಸ್ತಕ ಬರೆಯಲು ಕೂತಾಗ ತಾನು ಹೇಗಿದ್ದೆ ಎಂದು ಆಕೆ ತಿಳಿದುಕೊಂಡದ್ದು ಆಸ್ಪತ್ರೆಯ ದಾಖಲೆಗಳಿಂದ, ಕ್ಯಾಮೆರಾದ ವಿಡಿಯೋಗಳಿಂದ, ಮತ್ತು ಆ ನೋಟ್‌ಬುಕ್ಕಿನಿಂದ.